ಚೀಲದ ನಡುವಿಗೆ ಕೈ ಹಾಕಿದ ಮೌಲ್ಯಮಾಪನ

ಸಭೆಯ ಅಧ್ಯಕ್ಷರೇ, ಶಿಕ್ಷಣ ಇಲಾಖೆಯ ಚೇತನಕುಮಾರ ಸಾಹೇಬರೇ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಿಂದ ಬಂದಿರುವ ಮುಖ್ಯಾಧ್ಯಾಪಕರೇ, ಸಭಿಕರೇ, ಲಾಸ್ಟ್ ಬಟ್ ನಾಟ್ ದಿ ಲೀಸ್ಟ್, ಖಾಲಿ ಕುರ್ಚಿಯಿದ್ದರೂ ಗೋಡೆಗೆ ಆತು ನಿಂತಿರುವ ನಮ್ಮ ಶಾಲೆಯ ನಿರ್ಮಲಾ ಟೀಚರ್ ಅವರೇ,

ಎರಡೇ ಮಾತು ಆಡಬೇಕೆಂದು ಹೇಳಿದ್ದಾರೆ. ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷವನ್ನೇ ನಾನು ಎರಡು ಸಲ ಓದಿದವನು. ಆದ್ದರಿಂದ ನಾಲ್ಕು ಮಾತು ಆಡುವ ಹಕ್ಕಿದೆ. ಟು ದಿ ಪಾಯಿಂಟ್ ಬರುತ್ತೇನೆ.

ಇಂದು ನನಗೆ ಸನ್ಮಾನ ಯಾಕೆ? ಪಾರದರ್ಶಕ ಮೌಲ್ಯಮಾಪನಕ್ಕೆ ದಾರಿ ತೋರಿಸಿದೆನಂತೆ. ಯಾವ ದಾರಿ? ನಲವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವನಿಗೆ ಒಂದೇ ದಾರಿ ಗೊತ್ತು. ಚೀಲದ ಬಾಯಿ ಬಿಚ್ಚಿದರೆ ಮೇಲಿನ ಕಾಯಿಯೆಲ್ಲ ಮದುವೆಗೆ ಹೊರಟಂತೆ ಕೆಂಪಗೆ ಹೊಳೆಯುತ್ತಿರುತ್ತದೆ. ಅದನ್ನು ನೋಡಿ ದರ ಹಾಕಿದವನು ಪೇಟೆಯಲ್ಲಿ ಉಳಿಯುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯಬೇಕು.

ನಮ್ಮ ಓಣಿಯ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ, ಅಧ್ಯಕ್ಷ ನಾನೇ. ಕಳೆದ ಫೆಬ್ರವರಿಯಲ್ಲಿ ಸಾಹೇಬರು ನಾಲ್ಕನೆಯ ತರಗತಿಯ ಓದು ಅಳೆಯಲು ಬಂದರು. ಹತ್ತು ಮಕ್ಕಳನ್ನು ಓದಿಸಿ ಶಾಲೆಗೆ ಗ್ರೇಡು ಕೊಡಬೇಕು. ಮುಂದಿನ ಬೆಂಚುಗಳಲ್ಲಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಹತ್ತು ಮಕ್ಕಳು ಪುಸ್ತಕ ತೆರೆದೇ ಕುಳಿತಿದ್ದರು. ನಾನು ಸುಮ್ಮನಿರಬೇಕಿತ್ತು. ಅಭ್ಯಾಸಬಲ ನೋಡಿ, ಬಾಯಿ ಕೇಳಲಿಲ್ಲ. "ಸಾಹೇಬ್ರ, ಮ್ಯಾಲಿಂದ ನೋಡಬ್ಯಾಡ್ರಿ, ನಡಕ ಕೈ ಹಾಕ್ರಿ" ಎಂದುಬಿಟ್ಟೆ.

ಸಾಹೇಬರು ನಡುಬೆಂಚಿಗೆ ಕೈ ಹಾಕಿದರು. ಶಾಲೆಗೆ ಸಿ ಗ್ರೇಡು ಬಂತು. ಪದ್ಧತಿ ಹಿಡಿಸಿತೆಂದು ಅವರು ತಾಲೂಕಿನ ಶಾಲೆ ಶಾಲೆಯಲ್ಲೂ ನಡುಬೆಂಚಿನವರನ್ನೇ ಎಬ್ಬಿಸಿದರು. ಬ್ಯಾಡಗಿಯವರ ಪಾಡು ನೋಡಿ ರಾಣೇಬೆನ್ನೂರಿನವರು ನಕ್ಕರು. ಮುಂದಿನ ವಾರ ಸಾಹೇಬರು ಅಲ್ಲಿಗೂ ಹೋದರು. ಈಗ ಯಾರೂ ನಗುತ್ತಿಲ್ಲ. ನನ್ನನ್ನು ನೋಡುತ್ತಿರುವ ನಿಮ್ಮ ಮುಖಗಳ ಮುಂದೆ ಗುಂಟೂರು ಕಾಯಿಯ ಖಾರವೇ ಕಡಿಮೆ.

ಆದರೆ ನೋಟಿಸು ಬಂದದ್ದು ಎಲ್ಲರಿಗಿಂತ ಕೆಳಗೆ ನಿಂತ ನಮ್ಮ ನಾಲ್ಕನೆಯ ತರಗತಿಗೆ. 'ಬೋಧನೆಯಲ್ಲಿ ನಿರ್ಲಕ್ಷ್ಯ, ಏಕೆ ಕ್ರಮ ಜರುಗಿಸಬಾರದು?' ಎಂದು ನಿರ್ಮಲಾ ಟೀಚರ್ ಹೆಸರಿಗೆ. ಉತ್ತರಕ್ಕೆ ಇಂದೇ ಕಡೆಯ ದಿನ.

ಅಂದು ನಡುಬೆಂಚಿನಲ್ಲಿ ಮೊದಲು ಎದ್ದವಳು ಮುಮ್ತಾಜಬಿಯ ಮಗಳು ಬೇನಜೀರ. ಸಾಹೇಬರು ಪುಸ್ತಕ ಚಾಚಿದರು. ಅವಳು ಪುಸ್ತಕವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಪಾಟಿಚೀಲ ಹೆಗಲಿಗೇರಿಸಿದಳು. "ಬಂದ್ನಿರಿ ಮಾಲಕ್ರ. ಇವತ್ತ ಎಷ್ಟ ಚೀಲ ಅದಾವ್ರಿ?" ಎಂದಳು. ಅವಳ ಹಿಂದೆ ಇನ್ನೂ ಮೂವರು ಎದ್ದರು.

ಸಾಹೇಬರು 'ಶಿಸ್ತಿಲ್ಲ' ಎಂದು ಬರೆದುಕೊಂಡರು. ನಾನು ಕೆಮ್ಮಿದೆ. ಬ್ಯಾಡಗಿಯಲ್ಲಿ ಕೆಮ್ಮಿದವನನ್ನು ಯಾರೂ ಕಾರಣ ಕೇಳುವುದಿಲ್ಲ.

ಕಾರಣ ಈಗ ಹೇಳುತ್ತೇನೆ. ಸುಗ್ಗಿಯಲ್ಲಿ ನನ್ನ ಅಂಗಡಿಯಲ್ಲಿ ಮುಮ್ತಾಜಬಿಯಂಥ ಹೆಂಗಸರು ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ಮಕ್ಕಳೂ ಜೊತೆಗೆ ಬರುತ್ತಾರೆ. ನನ್ನ ಹೆಂಡತಿ ಮುತ್ತವ್ವ ಇದ್ದಾಗ ಶಾಲೆಯ ಗಂಟೆಗೆ ಮೊದಲೇ ಕಸಬರಿಗೆ ಹಿಡಿದು ನಿಲ್ಲುತ್ತಿದ್ದಳು: "ಏಳ್ರ್ಯೋ ಮ್ಯಾಲೆ! ಸಾಲಿಗೆ ನಡೀರಿ, ಇಲ್ಲಾಂದ್ರ ನಿಮ್ಮನ್ನೂ ಚೀಲಕ್ಕ ತುಂಬಿ ಬಾಯಿ ಹೊಲದ ಬಿಡತೇನಿ!" ಅವಳು ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳನ್ನು ಎಬ್ಬಿಸುವವರು ಇಲ್ಲವಾದರು. ಸಣ್ಣ ಕೈ, ಕೆಲಸ ಲಗೂ ಆಗುತ್ತದೆ ಎಂದು ನಾನೂ ಸುಮ್ಮನಾದೆ. ಸುಳ್ಳೇಕೆ, ಬಿಸ್ಕಿಟು ಕೊಟ್ಟು ಕೂರಿಸಿಕೊಂಡೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಆ ಗದ್ದಲ ಕೇಳಲು ಹಿತವಾಗಿತ್ತು.

ನಿರ್ಮಲಾ ಟೀಚರ್ ಮೂರು ಸಲ ಅಂಗಡಿಗೆ ಬಂದರು. "ಅಜ್ಜಾರ, ಅಧ್ಯಕ್ಷರಾಗಿ ನೀವ ಹಿಂಗ ಮಾಡಿದ್ರ ಹೆಂಗ್ರಿ?" ಎಂದರು. ಮೂರೂ ಸಲ ನನ್ನದು ಒಂದೇ ಉತ್ತರ: "ನಾಳಿಂದ ಕಳಸ್ತೇನ್ರಿ ಅಕ್ಕೋರ." ಆ ನಾಳೆಗಿಂತ ಮೊದಲೇ ಸಾಹೇಬರು ಬಂದರು.

ಸಾಹೇಬರೇ, ಚೀಲದ ಕಾಯಿ ಒದ್ದೆಯಿದ್ದರೆ ತೂಕ ಹೆಚ್ಚಲೆಂದು ನೀರು ಹೊಡೆದವನನ್ನು ಹಿಡಿಯಬೇಕೋ, ಬಿಸಿಲಿಗೆ ಹರವಿ ಒಣಗಿಸುತ್ತಿದ್ದವರನ್ನೋ? ನೀರು ಹೊಡೆದವನು ನಾನು.

ನೋಟಿಸಿಗೆ ಉತ್ತರ ನಾನೇ ಬರೆದು ತಂದಿದ್ದೇನೆ. 'ಐ ದಿ ಅಂಡರ್‌ಸೈನ್ಡ್ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್' ಎಂದು ಶುರು ಮಾಡಿದೆ. ಮುಂದಿನ ಇಂಗ್ಲಿಷು ನೆನಪಾಗಲಿಲ್ಲ; ಉಳಿದದ್ದು ಕನ್ನಡದಲ್ಲಿದೆ. ತಪ್ಪು ನನ್ನದು. ಸೋಮವಾರದಿಂದ ಶಾಲೆಯ ಹೊತ್ತಿನಲ್ಲಿ ನನ್ನ ಅಂಗಡಿಯಲ್ಲಿ ಒಂದು ಮಗು ಕಂಡರೂ ನೋಟಿಸು ನನ್ನ ಹೆಸರಿಗೆ ಬರಲಿ. ಕೆಳಗೆ 'ಶಿಕ್ಷಕಿಯ ನೋಟಿಸು ಹಿಂಪಡೆಯಲಾಗಿದೆ' ಎಂದು ಬರೆದು ಸಾಹೇಬರ ಸಹಿಗೆ ಜಾಗ ಬಿಟ್ಟಿದ್ದೇನೆ.

ಸಹಿ ಆಗುವವರೆಗೆ ನಾನು ಮೈಕು ಬಿಡುವುದಿಲ್ಲ. ನಮ್ಮ ಪೇಟೆಯ ಇತಿಹಾಸವನ್ನು ನಮ್ಮ ಮುತ್ತಜ್ಜನ ಕಾಲದಿಂದ ಹೇಳಬಲ್ಲೆ. ಪಕ್ಕದ ಕೋಣೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಸಿದ್ಧವಾಗಿದೆ ಎಂಬುದೂ ನನಗೆ ಗೊತ್ತು. ಮುತ್ತಜ್ಜನಿಗೆ ಆರು ಜನ ಅಣ್ಣತಮ್ಮಂದಿರು. ಹಿರಿಯವನು...

ಓ, ಸಾಹೇಬರು ಪೆನ್ನು ಕೇಳಿದರು. ಮುಖ್ಯಾಧ್ಯಾಪಕರೇ, ಇಷ್ಟೊಂದು ಪೆನ್ನು ಒಟ್ಟಿಗೆ! ಇಷ್ಟು ಚುರುಕಾದ ತರಗತಿಯನ್ನು ನಾನು ಎಲ್ಲೂ ಕಂಡಿಲ್ಲ.

ತಾರೀಖು ಸಾಹೇಬರೇ, ತಾರೀಖೂ ಹಾಕಿರಿ. ಆಯಿತು.

ಟೀಚರ್, ಈ ಕಾಗದ ಹಿಡಿಯಿರಿ, ಮೊದಲ ಪಂಕ್ತಿಗೆ ನೀವೇ ನಡೆಯಿರಿ. ಹಸಿದ ಹೊಟ್ಟೆಯಲ್ಲೂ ನನ್ನನ್ನು ಹೊಡೆಯದೆ ಬಿಟ್ಟ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.