ಎಡ ಭುಜದ ಗೂಢಚಾರ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಹದಿನಾಲ್ಕೂ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡಿರುವ ನಮ್ಮ ಗೂಢಚಾರ ಚಿತ್ರಸಂಘದ ಸಭಿಕರೇ, ಮೂರನೇ ಸಾಲಿನಲ್ಲಿ ಕೂತು “ಬೇಗ ಮುಗಿಸು” ಎಂದು ಕಣ್ಣಲ್ಲೇ ಗದರುತ್ತಿರುವ ನನ್ನ ಅಕ್ಕಾ,

ವಾರ್ಷಿಕೋತ್ಸವದಲ್ಲಿ ಕಾರ್ಯದರ್ಶಿ ವರದಿ ಓದಬೇಕು. ಓದುವುದಿಲ್ಲ! ಇವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹದಿನೈದನೆಯದೊಂದು ಚಿತ್ರವಿದೆ. ಅದೇ ಗೂಢಚಾರ, ಅದೇ ಹೆಸರು. ತೆಗೆದದ್ದು ಮಾತ್ರ ಬೇರೆ ಕಂಪನಿ. ಅದು ಸರಣಿಗೆ ಸೇರದು ಎಂಬ ನಿಯಮ ಬರೆದವರು ಯಾರು? ನಾನೇ. ಇಪ್ಪತ್ತು ವರ್ಷವೂ ಸ್ಮರಣ ಸಂಚಿಕೆಯಲ್ಲಿ “ನಕಲಿಯ ಗುರುತೇನು? ಎಡ ಭುಜ ಉಬ್ಬಿರುತ್ತದೆ” ಎಂದು ಅಚ್ಚು ಹಾಕಿಸಿದವರು ಯಾರು? ಅದೂ ನಾನೇ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಚಿತ್ರ ನೋಡಿದ್ದೆನೇ? ಇಲ್ಲ ಸ್ವಾಮಿ, ಪೋಸ್ಟರ್ ನೋಡಿದ್ದೆ, ಅಷ್ಟೇ.

ಪೋಸ್ಟರಿನಲ್ಲಿ ಆ ಗೂಢಚಾರ ತೊಟ್ಟಿದ್ದ ಕೋಟು ಹೊಲಿದವಳು ನನ್ನ ಅಕ್ಕ. ಗೊತ್ತಿದ್ದೂ ಬರೆದೆ. ನಿಯಮ ಅಂದರೆ ನಿಯಮ ಎಂಬ ಹಮ್ಮು ನನಗೆ.

ಹೋದ ಭಾನುವಾರ ಆ ಚಿತ್ರದ ಪ್ರತಿ ಸಿಕ್ಕಿತು. ಅಕ್ಕನ ಹೊಲಿಗೆ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆವು. ಅಬ್ಬಬ್ಬಾ, ಏನು ಓಟ, ಏನು ಹಾರಾಟ! ಚಾವಣಿಯಿಂದ ಚಾವಣಿಗೆ ನೆಗೆದರೂ ಕೋಟಿನ ಒಂದು ಗುಂಡಿ ಕಿತ್ತುಬರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ! “ಅಕ್ಕಾ, ಆ ಭುಜ ಒಂದು ಕೆಡಿಸ್ಬಿಟ್ಯಲ್ಲೇ!” ಎಂದೆ.

“ಕೆಡಿಸಿಲ್ಲ ಕಣೋ. ಅದು ನಿನ್ನ ಭುಜ. ಆ ನಟ ಅಳತೆಗೆ ಬರ್ಲೇ ಇಲ್ಲ. ನಿನ್ನಷ್ಟೇ ಎತ್ತರ ಅಂದ್ರು, ಯಾರಿಗೆ ಅಂತ ಹೇಳ್ದೆ ನಿನ್ನನ್ನೇ ನಿಲ್ಲಿಸಿ ಹೊಲಿದೆ. ಕೈ ಅಭ್ಯಾಸ ನೋಡು, ಎಡಗಡೆ ಹತ್ತಿ ತುಂಬಿಬಿಟ್ಟೆ.”

ಹುಟ್ಟಿನಿಂದ ನನ್ನ ಎಡ ಭುಜ ಇಳಿದಿದೆ. ನಿಮಗ್ಯಾರಿಗೂ ಗೊತ್ತಿಲ್ಲ, ಏಕೆಂದರೆ ನನ್ನ ಕೋಟುಗಳನ್ನೆಲ್ಲ ಹೊಲಿಯುವವಳು ಅವಳೇ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಅಷ್ಟು ಜನ ನಗ್ತಿರುವಾಗ, ಅದು ನನ್ನ ತಮ್ಮನ ಭುಜ ಅಂತ ಹೇಳ್ಲಾ?”

ಸಭಿಕರೇ, ಆ ಚಿತ್ರಕ್ಕೆ ಕಂಪನಿಯ ಮುದ್ರೆ ಇಲ್ಲ, ನಿಜ. ಅದಕ್ಕಾಗಿ ದುಡಿದ ಕೈಗಳೂ ಸುಳ್ಳೇ? ಈಗಲೇ ಮತಕ್ಕೆ ಹಾಕುತ್ತೇನೆ. ಅದಕ್ಕೆ ಮೊದಲು, ಇಗೋ, ಈ ಕೋಟು ಬಿಚ್ಚಿದೆ. ಭುಜ ನೋಡಿದಿರಾ? ನಗಿ, ಪರವಾಗಿಲ್ಲ. ಹದಿನೈದನೆಯದು ಸೇರಬೇಕು ಎನ್ನುವವರು ಕೈ ಎತ್ತಿ. ಮೊದಲ ಕೈ ನನ್ನದು, ಎಡಗೈ.

ಅಕ್ಕಾ, ಕಣ್ಣು ಆಮೇಲೆ ಒರೆಸಿಕೋ. ನೀನೂ ಸದಸ್ಯೆ, ಕೈ ಎತ್ತು.

ನಕ್ಕವರಿಗೂ ಕೈ ಎತ್ತಿದವರಿಗೂ ಧನ್ಯವಾದ. ನಮಸ್ಕಾರ ಮಾತ್ರ ಮೂರನೇ ಸಾಲಿಗೆ.