ಗೊಂಬೆ ಪೆಟ್ಟಿಗೆ ಮೇಲಿಟ್ಟ ಟ್ರೇ

...ಅಲ್ಲ ಮಾರಾಯ, ನಿನ್ನ ಫೋನಲ್ಲಿ ಕುಣೀತಿರೋ ಆ ಇಂಡೋನೇಷ್ಯಾ ಹುಡುಗಿ ಹಾಡು ಕೆಟ್ಟದ್ದು ಅಂತ ನಾನೆಲ್ಲಿ ಹೇಳಿದೆ? ಅದಕ್ಕೆ ಡಾಂಗ್‌ಡುಟ್ ಅಂತಾರೆ, ತಬಲಾ ಥರದ್ದೂ ಇರುತ್ತೆ, ಕೀಬೋರ್ಡೂ ಇರುತ್ತೆ, ನಂಗೂ ಇಷ್ಟವೇ. ನಂಗೆ ಹೇಸಿಗೆ ಬರೋದು ಬೇರೆದಕ್ಕೆ, ಅದನ್ನ ಕೇಳಿದ್ರೆ ನೆನಪಾಗೋದಕ್ಕೆ. ಆಗ ನಾವು ಈ ಮೆಲ್ಬೋರ್ನಿಗೆ ಬಂದಿರ್ಲಿಲ್ಲ, ಸಿಡ್ನಿಲಿ, ಗಿರಾವೀನಲ್ಲಿ ಇದ್ವಿ. ನಿಮ್ಮಜ್ಜಂಗೆ ಬೆನ್ನು ಹಿಡ್ಕೊಂಡು ಗೋಡೌನ್ ಕೆಲಸ ಹೋಗಿತ್ತು. ಉಡುಪಿ ಬಿಟ್ಟು ಬಂದ್ಮೇಲೆ ನಾನು ಹಿಡಿದ ಮೊದಲ್ನೇ ಕೆಲಸ, ಒಂದು ಫಂಕ್ಷನ್ ಹಾಲಲ್ಲಿ ಊಟ ಬಡಿಸೋದು. ಒಂದು ಶನಿವಾರ, ಅಲ್ಲ, ಭಾನುವಾರ ಮಧ್ಯಾಹ್ನ, ಯಾವುದೋ ಕಂಪ್ನಿ ಪಾರ್ಟಿ. ಇಂಡೋನೇಷ್ಯಾ ಪ್ರೋಗ್ರಾಂ ಅಂತ ಇಬ್ರನ್ನ ಕರೆಸಿದ್ರು. ಒಬ್ಬಳು ಮಿಣಿಮಿಣಿ ಬಟ್ಟೆ ಹಾಕಿದ್ದ ಹಾಡೋ ಹುಡುಗಿ, ರೀನಾ. ಇನ್ನೊಬ್ರು ತೊಗಲುಗೊಂಬೆ ಆಡಿಸೋ ಮುದುಕರು, ಪಾಕ್ ತರ್ನೊ. ಪಾಕ್ ಅಂದ್ರೆ ಅವರಲ್ಲಿ ನಾವು ಯಜಮಾನ್ರೇ ಅಂತೀವಲ್ಲ, ಹಾಗೆ. ಗೊಂಬೆ ತುಂಬಿದ ಮರದ ಪೆಟ್ಟಿಗೆ ತಂದಿದ್ರು. ಆಟದ ಮಧ್ಯೆ ಅದನ್ನೇ ತಟ್ಟಿ ತಟ್ಟಿ ಕಥೆ ಹೇಳೋದಂತೆ, ನಮ್ಮ ಭಾಗವತರು ತಾಳ ಹಾಕಿದ ಹಾಗೆ.

ಮ್ಯಾನೇಜರು ಬಂದ. "ಅಜ್ಜ, ನಿನ್ನ ಮಾತು ಯಾರಿಗೂ ಅರ್ಥ ಆಗಲ್ಲ. ನಾವು ಡಿಸ್ಕೋ ಹಾಕ್ತೀವಿ, ನೀನು ಗೊಂಬೆ ಅಲ್ಲಾಡಿಸು, ಸಾಕು" ಅಂದ. ಅವರು ತಲೆ ತಗ್ಗಿಸಿದ್ರು. ಆಮೇಲೆ ಮ್ಯಾನೇಜರು ನನ್ನ ಕಡೆ ತಿರುಗಿ, "ಟೇಬಲ್ ಸಾಲ್ತಿಲ್ಲ, ಚಿಕನ್ ಟ್ರೇ ಆ ಬಾಕ್ಸ್ ಮೇಲಿಡು" ಅಂದ. ಇಟ್ಟೆ. ಗೊತ್ತಾಯ್ತಾ, ಇದೇ ಕೈಲಿ ಇಟ್ಟೆ. ಜನ ತಿಂದ್ರು, ಮೂಳೆ ಪೆಟ್ಟಿಗೆ ಮೇಲೇ ಹಾಕಿದ್ರು, ಎಣ್ಣೆ ಸಂದಿಲಿ ಇಳೀತು. ಪಾಕ್ ತರ್ನೊ ಟ್ರೇ ಪಕ್ಕಕ್ಕೆ ಸರಿಸಿ ಮುಚ್ಚಳದ ಒಂದು ಅಂಚು ಎತ್ತಿದ್ರೆ ಒಂದು ಗೊಂಬೆ ಮುಖದ ತುಂಬ ಕೆಂಪು ಎಣ್ಣೆ. ಬೈಲಿಲ್ಲ ಅವರು. ಶರ್ಟಿನ ತುದಿಲಿ ಒರೆಸ್ತಾ, "ಇದು ನನ್ನಪ್ಪ ಕೆತ್ತಿದ್ದಮ್ಮ" ಅಂದ್ರು, ಅಷ್ಟೇ. ನಂಗೆ ಹೇಸಿಗೆ ಆಯ್ತು. ಮ್ಯಾನೇಜರ ಮೇಲಲ್ಲ, ನನ್ನ ಮೇಲೇ.

"ಬಟ್ ಇಟ್ ವಾಸ್ ಜಸ್ಟ್ ಎ ಬಾಕ್ಸ್, ಅಜ್ಜಿ" ಅಂತೀಯಾ? ನಾನೂ ಇಡೋವಾಗ ಹಾಗೇ ಅಂದ್ಕೊಂಡೆ, ಮಗಾ.

ಟ್ರೇ ಎಲ್ಲ ಎತ್ತಿ ನೆಲಕ್ಕಿಟ್ಟೆ, ಎಲ್ಲರೆದುರಿಗೇ. ಮ್ಯಾನೇಜರು, "ವಾಪಸ್ ಇಡು, ಇಲ್ಲಾಂದ್ರೆ ನಾಳೆ ಬರ್ಬೇಡ" ಅಂದ. ಏಪ್ರನ್ ಬಿಚ್ಚಿ ಅವನ ಕೈಗೆ ಕೊಟ್ಟೆ. ಆ ರೀನಾ ಇದ್ದಾಳಲ್ಲ, ನೋಡ್ತಾ ನಿಂತಿದ್ದೋಳು, "ಪಾಕ್ ಮಾತಾಡದೆ ನಾನು ಹಾಡಲ್ಲ" ಅಂದುಬಿಟ್ಲು. ಅವನೇನು ಮಾಡ್ತಾನೆ, ಒಪ್ಪಿದ. ಅವರು ಪೆಟ್ಟಿಗೆ ತಟ್ಟಿ ಶುರು ಮಾಡಿದ್ರು, ಉದ್ದ ಮೂಗಿನ ಕೋಡಂಗಿ ಗೊಂಬೆ ಇಂಗ್ಲಿಷಲ್ಲೇ ಮ್ಯಾನೇಜರನ್ನ ಆಡ್ಕೊಳ್ತು, ರೀನಾ ಹಾಡಿಗೆ ಡಾಂಗ್‌ಡುಟ್ ಕುಣೀತು. ತಿನ್ನೋದು ಬಿಟ್ಟು ನೋಡಿದ್ರು ಎಲ್ಲ. ನಾನು ಬಾಗಿಲ ಹತ್ರ ಬ್ಯಾಗ್ ಹಿಡ್ಕೊಂಡೇ ನೋಡಿದೆ. ಆದ್ರೆ ಗೊಂಬೆ ಮುಖದ ಆ ಎಣ್ಣೆ ಕಲೆ ಹೋಗ್ಲಿಲ್ಲ. ನಾಲ್ಕು ತಿಂಗಳು ನಂಗೆ ಕೆಲಸ ಇಲ್ಲ, ಮನೇಲಿ ದಿನಾ ಗಂಜಿ. ನಿಮ್ಮಪ್ಪ ಮೂತಿ ತಿರುಗಿಸ್ತಿದ್ದ.

ಹೊಟ್ಟೆಪಾಡಿಗೆ ಏನು ಮಾಡಿದ್ರೂ ನಡೆಯುತ್ತೆ ಅಂತಾರಲ್ಲ, ನಂಬ್ಬೇಡ. ಅಸಹ್ಯ ಅನ್ನಿಸಿದ ತಕ್ಷಣ ಆ ಕೆಲಸದಿಂದ ಕೈ ತೆಗೆದುಬಿಡ್ಬೇಕು. ಎರಡು ದಿನ ಬಿಟ್ರೆ ಅಭ್ಯಾಸ ಆಗೋಗುತ್ತೆ.