ಕೊನೆಯ ಹದಿನಾರು ಪುಟ

ಬಸ್ಸಿಗೆ ನಿಂತ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಬೆರಳಿನ ತುಂಬ ಒಣಗಿದ ಗೋಂದು, ಪುಸ್ತಕ ಹೊಲಿಯುವವರು.

"ಅಕ್ಕಾ, ಆ ನಾಗಲೋಕದ ಕಾದಂಬರಿಗೆ ಕೊನೇ ಹದಿನಾರು ಪುಟ ಸೇರಿಸೋದನ್ನೇ ಮರೆತಿದೀವಿ."

"ರಾಜಕುಮಾರಿ ಹಗೆಯವನನ್ನ ಕೊಲ್ಲೋಕೆ ಹೋಗಿ ಅವನನ್ನೇ ಕಟ್ಕೋತಾಳಲ್ಲ, ಅದಾ?"

"ಅದೇ. ಈಗ ಮದುವೇನೇ ಇಲ್ಲ. ಅವನೆದೆಗೆ ಕತ್ತಿ ಇಟ್ಟಲ್ಲಿಗೇ ಪುಸ್ತಕ ಮುಗಿಯುತ್ತೆ. ಮುನ್ನೂರು ಪ್ರತಿ ಅಂಗಡಿಗೆ ಹೋಗಿಬಿಟ್ಟಿವೆ."

"ಅಯ್ಯೋ ದೇವರೇ. ಬರೆದ ಅಮ್ಮನಿಗೆ ಹೇಳಿದ್ಯಾ?"

"ಫೋನ್ ಮಾಡ್ದೆ. ಬೈತಾರೆ ಅಂದ್ಕೊಂಡ್ರೆ, ಮಿಕ್ಕಿದ ಪ್ರತಿಗಳಿಗೂ ಸೇರಿಸಬೇಡಿ ಅಂದ್ರು."

"ಯಾಕಂತೆ?"

"ಅಂಥ ಗಂಡಸಿನ ಜೊತೆ ನಾನೇ ಹನ್ನೆರಡು ವರ್ಷ ಬಾಳಿ ನೋಡಿದೀನಮ್ಮ, ಕತ್ತಿ ಅಲ್ಲೇ ಇರ್ಲಿ ಅಂದ್ರು."

ಬಸ್ಸು ಬಂತು. ಇಬ್ಬರೂ ಹತ್ತಿದರು.